ವಾರಂಟಿಯಲ್ಲೇ ಲ್ಯಾಪ್‌ಟಾಪ್ ಕೆಟ್ಟರೆ: ಜಾಬ್ ಶೀಟಿಗೆ ಸಹಿ ಹಾಕುವ ಮುಂಚೆ ಇದನ್ನು ಓದಿ

ಗದಗಿನಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಮದುವೆ ಪತ್ರಿಕೆ, ಗೃಹಪ್ರವೇಶದ ಕಾರ್ಡು, ಬ್ಯಾನರ್, ಮಕ್ಕಳ ಪ್ರಾಜೆಕ್ಟು, ಇದೇ ಕೆಲಸ. ಹೋದ ವರ್ಷ ಜುಲೈನಲ್ಲಿ ಹೊಸ ಲ್ಯಾಪ್‌ಟಾಪ್ ತಗೊಂಡೆ. ಒಂದು ವರ್ಷದ ವಾರಂಟಿ. ಏಳು ತಿಂಗಳು ಚೆನ್ನಾಗಿಯೇ ಇತ್ತು. ಫೆಬ್ರುವರಿ ಕೊನೆಯಲ್ಲಿ, ಅಂದರೆ ಮದುವೆ ಸೀಸನ್ ಜೋರಾಗುವ ಹೊತ್ತಿಗೆ ಸರಿಯಾಗಿ, ಕೆಲಸ ಮಾಡ್ತಾ ಮಾಡ್ತಾ ತಾನಾಗಿಯೇ ಆಫ್ ಆಗೋಕೆ ಶುರುವಾಯಿತು.

ಅದು ಸರಿಯಾಗಿ ರಿಪೇರಿಯಾಗಿ ನನ್ನ ಕೈಗೆ ಬರಲು 71 ದಿನ ಹಿಡಿಯಿತು. ಸರ್ವಿಸ್ ಸೆಂಟರ್ ಇರುವುದು ಹುಬ್ಬಳ್ಳಿಯಲ್ಲಿ, ನಮ್ಮಿಂದ ಸುಮಾರು 60 ಕಿಲೋಮೀಟರ್. ಕೊಡೋಕೆ ನಾಲ್ಕು ಸಲ, ತರೋಕೆ ನಾಲ್ಕು ಸಲ, ಒಟ್ಟು ಎಂಟು ಸಲ ಹೋಗಿ ಬಂದೆ. ಹೋದ ದಿನವೆಲ್ಲ ಅಂಗಡಿ ಬಾಗಿಲು ಹಾಕಿಯೇ ಇತ್ತು. ಕಂಪನಿ ಹೆಸರು ಇಲ್ಲಿ ಬೇಡ. ಇಂಥ ತಾಪತ್ರಯ ಯಾವ ಬ್ರ್ಯಾಂಡಿನಲ್ಲೂ ಆಗಬಹುದು, ಮತ್ತು ನಾನು ಬರೆಯುತ್ತಿರುವುದು ಯಾರನ್ನೋ ಬೈಯುವುದಕ್ಕಲ್ಲ. ಮೊದಲ ದಿನವೇ ನನಗೆ ಯಾರಾದರೂ ಈ ನಾಲ್ಕು ಮಾತು ಹೇಳಿದ್ದರೆ 71 ದಿನದ ಕೆಲಸ ಹದಿನೈದು ದಿನದಲ್ಲಿ ಮುಗಿಯುತ್ತಿತ್ತು. ನಿಮಗೆ ಹಾಗಾಗಬಾರದು ಅಂತ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸರ್ವಿಸ್ ಸೆಂಟರಿನಲ್ಲಿ ಬಾಯಿಮಾತಿಗೆ ಬೆಲೆ ಇಲ್ಲ. ಕೌಂಟರಿನ ಹುಡುಗ ಎಷ್ಟೇ ಒಳ್ಳೆಯವನಿರಲಿ, ನೀವು ಎಷ್ಟೇ ಚೆನ್ನಾಗಿ ವಿವರಿಸಿ, ಕೊನೆಗೆ ಉಳಿಯುವುದು ಜಾಬ್ ಶೀಟಿನಲ್ಲಿ, ಅಂದರೆ ಲ್ಯಾಪ್‌ಟಾಪ್ ಒಳಗೆ ತಗೊಳ್ಳುವಾಗ ತೊಂದರೆ ಬರೆದು ನಿಮ್ಮ ಸಹಿ ಹಾಕಿಸಿಕೊಳ್ಳುವ ಹಾಳೆಯಲ್ಲಿ, ಏನು ಬರೆದಿದೆಯೋ ಅದು ಮಾತ್ರ. ಒಳಗೆ ಕೂತ ಎಂಜಿನಿಯರ್ ಓದುವುದು ಅದನ್ನೇ, ಬೆಂಗಳೂರಿನಲ್ಲೋ ಇನ್ನೆಲ್ಲೋ ಕೂತು ಪಾರ್ಟ್ ಕೊಡಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರು ನೋಡುವುದೂ ಅದನ್ನೇ.

ಹೋಗುವ ಮುಂಚೆ ಮನೆಯಲ್ಲೇ ಮಾಡಬೇಕಾದ್ದು

ಮೊದಲನೆಯದು ಬಿಲ್ಲು. ಜಿಎಸ್‌ಟಿ ಇರುವ ಬಿಲ್ಲೇ ಬೇಕು, ಅದರಲ್ಲಿ ಸೀರಿಯಲ್ ನಂಬರ್ ಇದೆಯಾ ನೋಡಿ. ಲ್ಯಾಪ್‌ಟಾಪ್ ಅಡಿಯಲ್ಲಿ ಅಂಟಿಸಿದ ಸ್ಟಿಕ್ಕರಿನ ನಂಬರ್ ಮತ್ತು ಬಿಲ್ಲಿನ ನಂಬರ್ ಒಂದೇ ಇರಬೇಕು. ಆಮೇಲೆ ಕಂಪನಿ ವೆಬ್‌ಸೈಟಿಗೆ ಹೋಗಿ ಆ ನಂಬರ್ ಹಾಕಿ ವಾರಂಟಿ ಎಂದು ಮುಗಿಯುತ್ತದೆ ಅಂತ ನೋಡಿ. ಎಷ್ಟೋ ಸಲ ನೀವು ಕೊಂಡ ದಿನದಿಂದ ಅಲ್ಲ, ಕಂಪನಿಯಿಂದ ಡೀಲರಿಗೆ ಮಾಲು ಹೋದ ದಿನದಿಂದ ಲೆಕ್ಕ ಹಾಕಿರುತ್ತಾರೆ. ಒಂದೆರಡು ತಿಂಗಳು ಸುಮ್ನೆ ಹೋಗಿಬಿಡುತ್ತದೆ. ಬಿಲ್ಲಿನ ಫೋಟೋ ಕಳಿಸಿದರೆ ತಾರೀಖು ಸರಿ ಮಾಡಿಕೊಡುತ್ತಾರೆ. ಈ ಕೆಲಸ ಕೊಂಡ ವಾರವೇ ಮಾಡಬೇಕು, ಆದರೆ ಯಾರೂ ಮಾಡುವುದಿಲ್ಲ. ಇವತ್ತೇ ಮಾಡಿ.

ನಿಮ್ಮದು ಆನ್‌ಸೈಟ್ ವಾರಂಟಿಯೋ ಕ್ಯಾರಿ-ಇನ್ ವಾರಂಟಿಯೋ ಅದನ್ನೂ ನೋಡಿಕೊಳ್ಳಿ. ಆನ್‌ಸೈಟ್ ಇದ್ದರೆ ಎಂಜಿನಿಯರ್ ನಿಮ್ಮಲ್ಲಿಗೇ ಬರಬೇಕು. ನನ್ನದು ಕ್ಯಾರಿ-ಇನ್, ಹೊತ್ತುಕೊಂಡು ಹೋಗಲೇಬೇಕಿತ್ತು. ಕೊಳ್ಳುವಾಗ ಇವೆರಡರ ವ್ಯತ್ಯಾಸ ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕಿದ್ದಕ್ಕೆ ಫೋನ್ ಮಾಡಬೇಡಿ. ಅಲ್ಲಿ ಕಳ್ಳ ನಂಬರುಗಳು ಬೇಕಾದಷ್ಟಿವೆ. ವಾರಂಟಿ ಕಾರ್ಡಿನಲ್ಲೋ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲೋ ಇರುವ ನಂಬರ್ ಮಾತ್ರ ಬಳಸಿ. ಫೋನಿನಲ್ಲಿ ಯಾವುದೋ ಆ್ಯಪ್ ಹಾಕಿಕೊಳ್ಳಿ, ಹತ್ತು ರೂಪಾಯಿ ಕಟ್ಟಿ ಅಂದರೆ ಇಟ್ಟುಬಿಡಿ. ದುಡ್ಡು ಹೋಗಿಯೇಬಿಟ್ಟರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಈಗ ಸಾಕ್ಷಿ. ಒಮ್ಮೊಮ್ಮೆ ಬಂದು ಹೋಗುವ ತೊಂದರೆ ಇದೆಯಲ್ಲ, ಅದರಷ್ಟು ಕಷ್ಟದ್ದು ಇನ್ನೊಂದಿಲ್ಲ. ಸ್ಕ್ರೀನ್ ಒಡೆದಿದ್ದರೆ ಎಲ್ಲರಿಗೂ ಕಾಣುತ್ತದೆ. ನನ್ನದು ಮನೆಯಲ್ಲಿ ದಿನಕ್ಕೊಂದು ಸಲ ಆಫ್ ಆಗುತ್ತಿದ್ದದ್ದು ಕೌಂಟರಿನ ಮೇಲೆ ಅರ್ಧ ಗಂಟೆ ಇಟ್ಟರೂ ಏನೂ ಆಗಲಿಲ್ಲ. 'ಏನೂ ಪ್ರಾಬ್ಲಂ ಇಲ್ರೀ ಸರ್' ಅಂದರು. ಅದಕ್ಕೇ ಮೂರು ಕೆಲಸ ಮಾಡಿ.

ತೊಂದರೆ ಆಗುವಾಗ ಇನ್ನೊಂದು ಮೊಬೈಲಿನಿಂದ ವಿಡಿಯೋ ತೆಗೆಯಿರಿ. ಲ್ಯಾಪ್‌ಟಾಪ್ ಎದುರು ಮೊಬೈಲನ್ನು ಒರಗಿಸಿ ಇಟ್ಟು ರೆಕಾರ್ಡಿಂಗ್ ಹಚ್ಚಿ ನಿಮ್ಮ ಕೆಲಸ ನೀವು ಮಾಡಿ, ಒಂದು ಸಲ ಸಿಕ್ಕರೆ ಸಾಕು. ಅದರಲ್ಲಿ ಅಡಿಯ ಸೀರಿಯಲ್ ನಂಬರನ್ನೂ ತೋರಿಸಿ, ಇಲ್ಲದಿದ್ದರೆ ಇದು ಇದೇ ಲ್ಯಾಪ್‌ಟಾಪ್ ಅಂತ ಏನು ಗ್ಯಾರಂಟಿ ಅನ್ನುತ್ತಾರೆ.

ಎರಡನೆಯದು ನನಗೆ ಬಹಳ ತಡವಾಗಿ ಗೊತ್ತಾದದ್ದು. ವಿಂಡೋಸ್‌ನಲ್ಲಿ ರಿಲಯಬಿಲಿಟಿ ಹಿಸ್ಟರಿ ಅಂತ ಒಂದಿದೆ. ಸ್ಟಾರ್ಟ್ ಒತ್ತಿ ರಿಲಯಬಿಲಿಟಿ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಬರುತ್ತದೆ. ದಿನದಿನಕ್ಕೂ ಏನೇನು ಆಯಿತು ಅಂತ ಅದು ತಾನೇ ಬರೆದಿಟ್ಟಿರುತ್ತದೆ. ಲ್ಯಾಪ್‌ಟಾಪ್ ಸರಿಯಾಗಿ ಶಟ್ ಡೌನ್ ಆಗದೆ ಪಟ್ಟನೆ ಆರಿದ್ದರೆ ಆ ದಿನದ ಕೆಳಗೆ ಕೆಂಪು ಗುರುತು ಇರುತ್ತದೆ, ಒತ್ತಿದರೆ ಸಮಯವೂ ಸಿಗುತ್ತದೆ. ವಿಂಡೋಸ್‌ನದೇ ಇನ್ನೊಂದು ದಾಖಲೆಯಾದ ಈವೆಂಟ್ ವ್ಯೂವರ್‌ನಲ್ಲಿ ಇದೇ ಸಂಗತಿ ಕರ್ನಲ್-ಪವರ್ 41 ಅನ್ನುವ ಹೆಸರಿನಲ್ಲಿ ಇರುತ್ತದೆ. ಈ ಪುಟಗಳ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಯಾಕೆ ಅಂದರೆ ಸರ್ವಿಸ್ ಸೆಂಟರಿನಲ್ಲಿ ಮೊದಲು ಮಾಡುವ ಕೆಲಸ ಫಾರ್ಮ್ಯಾಟ್. ಫಾರ್ಮ್ಯಾಟ್ ಮಾಡಿದರೆ ಈ ದಾಖಲೆ ಪೂರ್ತಿ ಅಳಿಸಿ ಹೋಗುತ್ತದೆ. ನನ್ನದು ಹಾಗೇ ಹೋಯಿತು. ಎರಡನೇ ಸಲ ಹೋದಾಗ ತೋರಿಸೋಕೆ ನನ್ನ ಹತ್ತಿರ ಹಳೆಯದು ಏನೂ ಉಳಿದಿರಲಿಲ್ಲ.

ಮೂರನೆಯದು, ಕಂಪನಿಯವರೇ ಕೊಟ್ಟಿರುವ ಹಾರ್ಡ್‌ವೇರ್ ಪರೀಕ್ಷೆ. ವಿಂಡೋಸ್ ಶುರುವಾಗುವ ಮುಂಚೆ ಒಂದು ಕೀ ಒತ್ತಬೇಕು. ಎಚ್‌ಪಿಯಲ್ಲಿ ಎಫ್2, ಡೆಲ್‌ನಲ್ಲಿ ಎಫ್12 ಒತ್ತಿ ಡಯಾಗ್ನಾಸ್ಟಿಕ್ಸ್ ಆರಿಸಬೇಕು, ಲೆನೊವೊದ ಬಹಳ ಮಾಡೆಲ್‌ಗಳಲ್ಲಿ ಎಫ್10. ಏನಾದರೂ ಫೇಲ್ ಆದರೆ ಒಂದು ಕೋಡ್ ಬರುತ್ತದೆ. ಅದರ ಫೋಟೋ ಇದ್ದರೆ ಅರ್ಧ ವಾದ ಅಲ್ಲೇ ಮುಗಿದಂತೆ, ಅವರದೇ ಪರೀಕ್ಷೆ ಹೇಳಿದ ಮಾತನ್ನು ಅವರು ಇಲ್ಲ ಅನ್ನೋಕೆ ಬರುವುದಿಲ್ಲ. ಪಾಸಾದರೆ ಎಲ್ಲ ಸರಿಯಿದೆ ಅಂತ ಅರ್ಥ ಅಲ್ಲ, ಅದೂ ನೆನಪಿರಲಿ.

ಬ್ಯಾಟರಿ ಉಬ್ಬಿದ್ದರೆ ಮಾತ್ರ ಈ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಕೆಳಗಿನ ಕವರ್ ಬಾಯಿ ಬಿಟ್ಟಿದ್ದರೆ, ಚಾರ್ಜರ್ ತೆಗೆದು, ಆಫ್ ಮಾಡಿ, ಒತ್ತದೆ, ಚುಚ್ಚದೆ ನೇರ ಕಂಪನಿಗೆ ಫೋನ್ ಮಾಡಿ. ಅದು ಬೆಂಕಿಯ ವಿಷಯ.

ಡೇಟಾ, ಮತ್ತು ಆ ನೀಲಿ ಸ್ಕ್ರೀನು

ಜಾಬ್ ಶೀಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಡೇಟಾ ಹೋದರೆ ನಾವು ಜವಾಬ್ದಾರರಲ್ಲ. ನೀವು ಅದಕ್ಕೆ ಸಹಿ ಹಾಕಿಯೇ ಕೊಡುತ್ತೀರಿ. ಅದಕ್ಕೇ ಬ್ಯಾಕಪ್ ಮಾಡದೆ ಕೊಡಲೇಬೇಡಿ. ಇದನ್ನು ಎಲ್ಲರೂ ಹೇಳುತ್ತಾರೆ, ನನಗೂ ಗೊತ್ತಿತ್ತು, ಮೊದಲ ಸಲ ಬ್ಯಾಕಪ್ ಮಾಡಿಯೇ ಕೊಟ್ಟಿದ್ದೆ. ನನಗೆ ಗೊತ್ತಿರದೇ ಇದ್ದದ್ದು ಬೇರೆ.

ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಸೈನ್ ಇನ್ ಆದರೆ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುತ್ತದೆ, ನೀವು ಕೇಳದಿದ್ದರೂ. ಹೋಮ್ ಎಡಿಷನ್‌ನಲ್ಲಿ ಅದರ ಹೆಸರು ಡಿವೈಸ್ ಎನ್‌ಕ್ರಿಪ್ಷನ್, ಪ್ರೋದಲ್ಲಿ ಬಿಟ್‌ಲಾಕರ್. ಕಳ್ಳರ ಕೈಗೆ ಸಿಕ್ಕರೆ ಫೈಲು ಓದಬಾರದು ಅಂತ ಇಟ್ಟಿರುವ ಒಳ್ಳೆಯ ವ್ಯವಸ್ಥೆ ಅದು. ಆದರೆ ಆ ಬೀಗದ ಗುಟ್ಟು ಮದರ್‌ಬೋರ್ಡಿನ (ಲ್ಯಾಪ್‌ಟಾಪ್ ಒಳಗಿನ ಮುಖ್ಯ ಸರ್ಕ್ಯೂಟ್ ಬೋರ್ಡು) ಜೊತೆ ಸೇರಿಕೊಂಡಿರುತ್ತದೆ. ಮದರ್‌ಬೋರ್ಡ್ ಬದಲಾಯಿಸಿದ ತಕ್ಷಣ ಡಿಸ್ಕು ಹೊಸ ಬೋರ್ಡನ್ನು ಗುರುತು ಹಿಡಿಯುವುದಿಲ್ಲ. ನೀಲಿ ಸ್ಕ್ರೀನ್ ಬಂದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದಿಲ್ಲದಿದ್ದರೆ ಮುಗಿಯಿತು. ಕಂಪನಿಯವರಿಂದಲೂ ತೆಗೆಯಲು ಆಗುವುದಿಲ್ಲ.

ಮೂರನೇ ಸಲ ಮದರ್‌ಬೋರ್ಡ್ ಬದಲಾಯಿಸಿ ಕೊಟ್ಟರು, ಖುಷಿಯಿಂದ ಗದಗಿಗೆ ತಂದು ಆನ್ ಮಾಡಿದೆ, ಆ ನೀಲಿ ಸ್ಕ್ರೀನ್ ಎದುರಿಗೆ ಬಂತು. ಕೀ ಇರುವುದು ಮೈಕ್ರೋಸಾಫ್ಟ್ ಅಕೌಂಟಿನಲ್ಲಿ. ಆ ಅಕೌಂಟ್ ಯಾವುದು? ಮೊದಲ ಸಲ ಫಾರ್ಮ್ಯಾಟ್ ಆಗಿ ಬಂದಾಗ ನಮ್ಮೂರಿನ ಕಂಪ್ಯೂಟರ್ ಅಂಗಡಿಯ ಹುಡುಗನ ಹತ್ತಿರ ವಿಂಡೋಸ್ ಸೆಟ್ ಮಾಡಿಸಿದ್ದೆ, ಅವನು ತಾನೇ ಒಂದು ಹೊಸ ಇಮೇಲ್ ಐಡಿ ಮಾಡಿ ಹಾಕಿದ್ದ. ಆ ಹುಡುಗ ಅಷ್ಟರಲ್ಲಿ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿದ್ದ. ಅವನ ನಂಬರ್ ಹುಡುಕಿ, ಅವನು ಪಾಸ್‌ವರ್ಡ್ ನೆನಪು ಮಾಡಿಕೊಂಡು, ಕೀ ನನ್ನ ಕೈಗೆ ಬರೋಕೆ ನಾಲ್ಕು ದಿನ ಆಯಿತು. ಬ್ಯಾಕಪ್ ಆದ ಮೇಲೆ ಮಾಡಿದ ಎರಡು ವಾರದ ಕೆಲಸ ಅದರೊಳಗೇ ಇತ್ತು. ಬೆಟಗೇರಿಯ ಒಬ್ಬರ ಮಗಳ ಮದುವೆ ಪತ್ರಿಕೆಯೂ ಅದರಲ್ಲೇ. ಹೆಸರುಗಳನ್ನೆಲ್ಲ ಮತ್ತೆ ಕೇಳಿ ಬರೆದುಕೊಂಡು, ಗೆಳೆಯನ ಅಂಗಡಿಯಲ್ಲಿ ರಾತ್ರಿ ಕೂತು, ಮೊದಲಿಂದ ಟೈಪ್ ಮಾಡಿ ಕೊಟ್ಟೆ. ಅವರು ಏನೂ ಬೇಜಾರು ಮಾಡಿಕೊಳ್ಳಲಿಲ್ಲ, ಆದರೆ ನನಗೆ ಅವರ ಮುಖ ನೋಡಲು ಆಗಲಿಲ್ಲ.

ಹಾಗಾಗಿ ಲ್ಯಾಪ್‌ಟಾಪ್ ಕೊಡುವ ಮುಂಚೆ, ಅಷ್ಟೇ ಯಾಕೆ, ಈಗಲೇ, ಮೈಕ್ರೋಸಾಫ್ಟ್ ಅಕೌಂಟಿನ ವೆಬ್‌ಸೈಟಿಗೆ ಹೋಗಿ ಡಿವೈಸಸ್ ಅನ್ನುವ ಕಡೆ ನಿಮ್ಮ ಲ್ಯಾಪ್‌ಟಾಪಿನ ರಿಕವರಿ ಕೀ ನೋಡಿ, ಕಾಗದದ ಮೇಲೆ ಬರೆದು ಬಿಲ್ಲಿನ ಜೊತೆ ಇಡಿ. ಆರಾರು ಅಂಕಿಗಳ ಎಂಟು ಗುಂಪು ಇರುತ್ತದೆ. ಅಕೌಂಟ್ ನಿಮ್ಮದೇ ಇಮೇಲಿನಲ್ಲಿ ಇರಲಿ. ಅಂಗಡಿಯವರು ಸೆಟ್ ಮಾಡಿಕೊಟ್ಟಿದ್ದರೆ ಯಾವ ಐಡಿ ಹಾಕಿದ್ದಾರೆ ಅಂತ ಕೇಳಿ ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ.

ಇನ್ನೊಂದು. ಎಂಜಿನಿಯರಿಗೆ ನಿಮ್ಮ ಪಾಸ್‌ವರ್ಡ್ ಬೇಕಾಗುತ್ತದೆ, ಆದರೆ ನಿಮ್ಮ ಬ್ಯಾಂಕು, ಫೋಟೋ, ಮೇಲ್ ಎಲ್ಲ ತೆರೆದಿಟ್ಟು ಕೊಡುವ ಅಗತ್ಯ ಇಲ್ಲ. ಬ್ರೌಸರಿನಿಂದ ಸೈನ್ ಔಟ್ ಆಗಿ. ರಿಪೇರಿಗೆ ಅಂತಲೇ ಬೇರೆ ಯೂಸರ್ ಅಕೌಂಟ್ ಮಾಡಿಕೊಟ್ಟರೆ ಇನ್ನೂ ಒಳ್ಳೆಯದು.

ಕೌಂಟರಿನಲ್ಲಿ

ಬೆಳಿಗ್ಗೆ ತೆರೆಯುವ ಹೊತ್ತಿಗೇ ಹೋಗಿ. ಮಧ್ಯಾಹ್ನ ಹೋದರೆ ರಶ್ ಇರುತ್ತದೆ, ಅವರಿಗೂ ನಿಮ್ಮ ಮಾತು ಕೇಳುವ ವ್ಯವಧಾನ ಇರುವುದಿಲ್ಲ.

ಅವರು ಜಾಬ್ ಶೀಟಿನಲ್ಲಿ ತೊಂದರೆ ಏನು ಅನ್ನುವ ಜಾಗದಲ್ಲಿ ಎರಡು ಪದ ಬರೆಯುತ್ತಾರೆ. ನನ್ನದಕ್ಕೆ ಮೊದಲ ಸಲ ಬರೆದದ್ದು ಆಟೋ ಶಟ್‌ಡೌನ್ ಅಂತ ಅಷ್ಟೇ. ಅದನ್ನು ಓದಿದ ಎಂಜಿನಿಯರ್ ಸಾಫ್ಟ್‌ವೇರ್ ಇರಬೇಕು ಅಂತ ಫಾರ್ಮ್ಯಾಟ್ ಮಾಡಿ ಕೊಟ್ಟ. ಅವನದು ತಪ್ಪು ಅಂತ ನಾನು ಹೇಳುವುದಿಲ್ಲ, ಆ ಎರಡು ಪದದಿಂದ ಇನ್ನೇನು ಗೊತ್ತಾಗಬೇಕು? ನಾಲ್ಕನೇ ಸಲ ನಾನೇ ಮನೆಯಲ್ಲಿ ಬರೆದುಕೊಂಡು ಹೋದೆ, ಅದನ್ನೇ ಶೀಟಿನಲ್ಲಿ ಹಾಕಿಸಿದೆ:

"ಚಾರ್ಜರ್ ಹಾಕಿದ್ದರೂ ತೆಗೆದಿದ್ದರೂ 40ರಿಂದ 90 ನಿಮಿಷದೊಳಗೆ ಪಟ್ಟನೆ ಆಫ್ ಆಗುತ್ತದೆ. ಎರರ್ ಮೆಸೇಜ್ ಬರುವುದಿಲ್ಲ. ಐದು ನಿಮಿಷ ಆನ್ ಆಗುವುದಿಲ್ಲ. 9 ದಿನದಲ್ಲಿ 6 ಸಲ ಆಗಿದೆ. ವಿಡಿಯೋ ಇದೆ. ಫಾರ್ಮ್ಯಾಟ್ ಮತ್ತು ಮದರ್‌ಬೋರ್ಡ್ ಬದಲಾವಣೆ ಆದ ಮೇಲೂ ಇದೇ ತೊಂದರೆ. ಇದು ನಾಲ್ಕನೇ ಭೇಟಿ."

ಜಾಗ ಇಲ್ಲ ಅಂದರೆ ಬೇರೆ ಹಾಳೆಯಲ್ಲಿ ಬರೆದು ಅದರ ಮೇಲೆ ಅವರ ಸೀಲು ಹಾಕಿಸಿಕೊಳ್ಳಿ. ಕೊನೆಯ ಸಾಲು ಬಹಳ ಮುಖ್ಯ. ಪ್ರತಿ ಸಲವೂ ಅವರ ಕಂಪ್ಯೂಟರಿನಲ್ಲಿ ಹೊಸ ಕೇಸ್ ಆಗಿ ದಾಖಲಾಗುತ್ತದೆ, ಹಿಂದೆ ಮೂರು ಸಲ ಬಂದಿದ್ದೀರಿ ಅನ್ನುವುದನ್ನು ಯಾರೂ ತಾವಾಗಿ ನೋಡುವುದಿಲ್ಲ. ಹಿಂದಿನ ಕೇಸ್ ನಂಬರುಗಳನ್ನು ನೀವೇ ಬರೆಸಬೇಕು.

ಮೈಮೇಲಿನ ಗೆರೆ, ತಗ್ಗು ಎಲ್ಲವನ್ನೂ ಕೌಂಟರಿನ ಮೇಲೆ ಇಟ್ಟೇ ಫೋಟೋ ತೆಗೆಯಿರಿ, ಅವರ ಎದುರಿಗೇ. ನಾಲ್ಕೂ ಮೂಲೆ, ಎರಡೂ ಕೀಲು, ಸ್ಕ್ರೀನ್ ಆನ್ ಮಾಡಿ ಒಂದು, ಅಡಿ ಒಂದು. ಎರಡನೇ ಸಲ ತರಲು ಹೋದಾಗ ನನ್ನ ಲ್ಯಾಪ್‌ಟಾಪಿನ ಎಡಗಡೆ ಕೀಲಿನ ಹತ್ತಿರ ಸಣ್ಣ ಬಿರುಕು ಇತ್ತು. ಮೊದಲೇ ಇತ್ತು ಅಂದರು. ನನ್ನ ಹತ್ತಿರ ಫೋಟೋ ಇರಲಿಲ್ಲ. ಕೀಲು ಮುರಿದದ್ದು, ನೀರು ಬಿದ್ದದ್ದು, ಬಿದ್ದು ತಗ್ಗಾದದ್ದು, ಇವು ಮೂರನ್ನೂ ಗ್ರಾಹಕರು ಮಾಡಿದ ಹಾನಿ ಅಂತ ಬರೆದು ವಾರಂಟಿಯಿಂದ ಹೊರಗೆ ಹಾಕುತ್ತಾರೆ. ಒಮ್ಮೆ ಹಾಗೆ ಬರೆದರೆ ಮದರ್‌ಬೋರ್ಡಿಗೂ ದುಡ್ಡು ಕೇಳುವ ಸಾಧ್ಯತೆ ಇದೆ. ನೀವು ಒಪ್ಪದಿದ್ದರೆ ಆ ಶೀಟಿಗೆ ಸುಮ್ಮನೆ ಸಹಿ ಹಾಕಬೇಡಿ. 'ಇದನ್ನು ನಾನು ಒಪ್ಪುವುದಿಲ್ಲ' ಅಂತ ಕೈಯಲ್ಲಿ ಬರೆದು ಅದರ ಕೆಳಗೆ ಸಹಿ ಹಾಕಿ.

ಚಾರ್ಜರ್ ಕೊಟ್ಟಿದ್ದರೆ ಶೀಟಿನಲ್ಲಿ ಬರೆಸಿ. ಬ್ಯಾಗು ಕೊಡಬೇಡಿ. ನೀವೇ ರ್‍ಯಾಮ್ ಜಾಸ್ತಿ ಮಾಡಿಸಿದ್ದರೆ ಅದೂ ಶೀಟಿನಲ್ಲಿ ಇರಲಿ.

ಓಟಿಪಿ. ಇದನ್ನು ದಯವಿಟ್ಟು ನೆನಪಿಡಿ. ಕೇಸ್ ಕ್ಲೋಸ್ ಮಾಡೋಕೆ ನಿಮ್ಮ ಮೊಬೈಲಿಗೆ ಓಟಿಪಿ ಬರುವ ಪದ್ಧತಿ ಈಗ ಬಹಳ ಕಡೆ ಇದೆ. 'ಸರ್, ರೆಡಿ ಆಗೈತ್ರೀ, ಒಂದು ಓಟಿಪಿ ಬಂದೈತಿ, ಹೇಳ್ರಿ' ಅಂತ ಫೋನ್ ಬರುತ್ತದೆ. ನಾನು ಗದಗಿನಲ್ಲಿ ಕೂತು ಹೇಳಿಬಿಟ್ಟೆ. ಗ್ರಾಹಕರಿಗೆ ತೃಪ್ತಿಯಾಗಿದೆ ಅಂತ ಕೇಸ್ ಮುಚ್ಚಿತು. ಅವರ ಮೇಲೆ ಇಷ್ಟು ದಿನದಲ್ಲಿ ಮುಗಿಸಬೇಕು ಅನ್ನುವ ಒತ್ತಡ ಇರುತ್ತದೆ, ಅದು ನನಗೂ ಅರ್ಥವಾಗುತ್ತದೆ. ಆದರೂ ಲ್ಯಾಪ್‌ಟಾಪ್ ಕೈಯಲ್ಲಿ ಹಿಡಿದು, ಆನ್ ಮಾಡಿ ನೋಡಿದ ಮೇಲೆಯೇ ಓಟಿಪಿ ಹೇಳಿ. ತರಲು ಹೋದಾಗ ಅಲ್ಲೇ ಒಂದು ಗಂಟೆ ಕೂತು ಓಡಿಸಿ ನೋಡಿ. ವೈಫೈ, ಕ್ಯಾಮೆರಾ, ಸ್ಪೀಕರ್, ಎಲ್ಲ ಯುಎಸ್‌ಬಿ ಪೋರ್ಟು, ಕೀಬೋರ್ಡಿನ ಪ್ರತಿ ಕೀ. ಒಂದನ್ನು ಬಿಚ್ಚಿ ಜೋಡಿಸುವಾಗ ಇನ್ನೊಂದು ಸಡಿಲ ಆಗುವುದು ಸಾಮಾನ್ಯ. ಮದರ್‌ಬೋರ್ಡ್ ಬದಲಾಗಿದ್ದರೆ ವೆಬ್‌ಸೈಟಿನಲ್ಲಿ ನಿಮ್ಮ ಹಳೆಯ ಸೀರಿಯಲ್ ನಂಬರಿನಲ್ಲೇ ವಾರಂಟಿ ಕಾಣುತ್ತದೆಯಾ, ವಿಂಡೋಸ್ ಆ್ಯಕ್ಟಿವೇಟ್ ಆಗಿದೆಯಾ ನೋಡಿ. ಯಾವ ಪಾರ್ಟ್ ಹಾಕಿದರು ಅಂತ ಸರ್ವಿಸ್ ರಿಪೋರ್ಟ್ ಬರಹದಲ್ಲಿ ತಗೊಳ್ಳದೆ ಎದ್ದು ಬರಬೇಡಿ.

ಹಾಕುವ ಪಾರ್ಟ್ ಹೊಸದೇ ಇರುತ್ತದೆ ಅಂದುಕೊಳ್ಳಬೇಡಿ. ರಿಪೇರಿ ಮಾಡಿ ಸರಿ ಮಾಡಿದ ಪಾರ್ಟ್ ಹಾಕಬಹುದು ಅಂತ ಬಹಳಷ್ಟು ಕಂಪನಿಗಳ ವಾರಂಟಿ ಷರತ್ತಿನಲ್ಲೇ ಬರೆದಿರುತ್ತದೆ. ನನಗೆ ಹಾಕಿದ ಮೊದಲ ಮದರ್‌ಬೋರ್ಡ್ ಒಂಬತ್ತನೇ ದಿನಕ್ಕೆ ಅದೇ ತೊಂದರೆ ತೋರಿಸಿತು.

ಅವರು ಕೈಚೆಲ್ಲಿದರೆ

ಸರ್ವಿಸ್ ಸೆಂಟರ್ ಬಹಳ ಸಲ ಕಂಪನಿಯದಲ್ಲ, ಗುತ್ತಿಗೆ ತಗೊಂಡ ಬೇರೆಯವರದು. ಅಲ್ಲಿರುವ ಹುಡುಗರಿಗೆ ಪಾರ್ಟ್ ಮಂಜೂರು ಮಾಡುವ ಅಧಿಕಾರ ಇಲ್ಲ. ಅವರ ಮೇಲೆ ಕೂಗಾಡಿದರೆ ಏನೂ ಆಗುವುದಿಲ್ಲ. ಎರಡನೇ ಸಲ ನಾನೂ ಕೂಗಾಡಿದ್ದೆ, ಆ ಹುಡುಗ ತಲೆ ತಗ್ಗಿಸಿ ನಿಂತಿದ್ದ, ನಂತರ ನನಗೆ ಬಹಳ ನೋವಾಯಿತು. ಆಮೇಲೆ ಅವನೇ ಮೆಲ್ಲಗೆ 'ಸರ್, ಕಂಪನಿಗೆ ಮೇಲ್ ಹಾಕ್ರೀ, ನಮ್ಮ ಕೈಯಾಗ ಏನಿಲ್ಲ' ಅಂತ ಹೇಳಿದ್ದು.

ಹಾಗಾಗಿ ಎರಡನೇ ಸಲವೂ ಸರಿಯಾಗದಿದ್ದರೆ ಮೇಲ್ ಬರೆಯಿರಿ. ಫೋನ್ ಬೇಡ. ಫೋನಿನಲ್ಲಿ ಎಷ್ಟು ಹೊತ್ತು ಮಾತಾಡಿದರೂ ನಿಮ್ಮ ಹತ್ತಿರ ಏನೂ ಉಳಿಯುವುದಿಲ್ಲ. ಫೋನಿನಲ್ಲೇ ಏನಾದರೂ ಹೇಳಿದರೆ, ಇಟ್ಟ ತಕ್ಷಣ 'ಇವತ್ತು ಇಷ್ಟು ಗಂಟೆಗೆ ನೀವು ಹೀಗೆ ಹೇಳಿದಿರಿ' ಅಂತ ಒಂದು ಮೇಲ್ ಹಾಕಿ. ಮೇಲ್ ಚಿಕ್ಕದಿರಲಿ. ಸೀರಿಯಲ್ ನಂಬರ್, ಕೊಂಡ ತಾರೀಖು, ಯಾವ ಯಾವ ದಿನ ಕೊಟ್ಟೆ, ಎಂದು ವಾಪಸ್ ಬಂತು, ಏನು ಮಾಡಿದರು, ಈಗ ಏನಾಗಿದೆ, ನನಗೆ ಏನು ಬೇಕು. ಕೊನೆಯದನ್ನು ಬಹಳ ಜನ ಬರೆಯುವುದೇ ಇಲ್ಲ. ರಿಪೇರಿ ಬೇಕಾ, ಬದಲಿ ಲ್ಯಾಪ್‌ಟಾಪ್ ಬೇಕಾ, ದುಡ್ಡು ವಾಪಸ್ ಬೇಕಾ, ಎಷ್ಟು ದಿನದಲ್ಲಿ ಬೇಕು, ಸ್ಪಷ್ಟವಾಗಿ ಕೇಳಿ. ಸಿಟ್ಟಿನ ಮಾತು ಒಂದೂ ಬೇಡ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಆ ವೆಬ್‌ಸೈಟಿನ ಗ್ರೀವೆನ್ಸ್ ಆಫೀಸರಿಗೂ ಕಳಿಸಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ 48 ಗಂಟೆಯಲ್ಲಿ ದೂರು ಬಂತು ಅಂತ ಉತ್ತರ ಕೊಡಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು.

ಅದಕ್ಕೂ ಉತ್ತರ ಸರಿಯಾಗಿ ಬರದಿದ್ದರೆ 1915. ಇದು ಕೇಂದ್ರ ಸರ್ಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತದೆ. 88000 01915 ಅನ್ನುವ ವಾಟ್ಸ್ಆ್ಯಪ್ ನಂಬರಿಗೂ ದೂರು ಕೊಡಬಹುದು, ಉಮಂಗ್ ಆ್ಯಪಿನಲ್ಲೂ ಇದೆ. ದೂರು ದಾಖಲಾದರೆ ಡಾಕೆಟ್ ನಂಬರ್ ಕೊಡುತ್ತಾರೆ. ಸಾವಿರಕ್ಕೂ ಜಾಸ್ತಿ ಕಂಪನಿಗಳು ಇದರ ಜೊತೆ ಕೈಜೋಡಿಸಿವೆ, ಅಂಥವಕ್ಕೆ ದೂರು ನೇರ ಹೋಗುತ್ತದೆ. ಇದು ಕೋರ್ಟ್ ಅಲ್ಲ, ಆದೇಶ ಮಾಡುವ ಅಧಿಕಾರ ಇಲ್ಲ. ಆದರೆ ದೂರು ಕಂಪನಿಯೊಳಗೆ ಕಸ್ಟಮರ್ ಕೇರಿಗಿಂತ ಮೇಲಿನವರ ಮೇಜಿಗೆ ಹೋಗುತ್ತದೆ. ನನ್ನ ವಿಷಯದಲ್ಲಿ ಆರನೇ ದಿನ ಫೋನ್ ಬಂತು. ಅದುವರೆಗೆ ಕೇಳಿರದ ಧ್ವನಿ, ನನ್ನ ಎಲ್ಲ ಕೇಸ್ ನಂಬರುಗಳನ್ನೂ ಎದುರಿಗೆ ಇಟ್ಟುಕೊಂಡು ಮಾತಾಡಿದರು. ನಾಲ್ಕನೇ ಸಲ ಕೊಟ್ಟು ಹನ್ನೊಂದನೇ ದಿನಕ್ಕೆ ಮದರ್‌ಬೋರ್ಡ್ ಮತ್ತು ಬ್ಯಾಟರಿ ಎರಡೂ ಬದಲಾಗಿ ಬಂತು. ಮೇ ತಿಂಗಳಿಂದ ಇವತ್ತಿನವರೆಗೆ ಒಂದು ಸಲವೂ ಆಫ್ ಆಗಿಲ್ಲ.

'ಬಿಲ್ಲು ಅಂಗಡಿ ಹೆಸರಲ್ಲಿದೆ, ನೀವು ಗ್ರಾಹಕರೇ ಅಲ್ಲ'

ಹೀಗೆ ನನಗೆ ಕಸ್ಟಮರ್ ಕೇರಿನಲ್ಲಿ ಒಬ್ಬರು ಹೇಳಿದರು. ಅಂಗಡಿಯ ಜಿಎಸ್‌ಟಿ ನಂಬರಿಗೆ ಬಿಲ್ ಮಾಡಿಸಿದ್ದೆ. ವ್ಯಾಪಾರಕ್ಕೆ ತಗೊಂಡದ್ದು, ಗ್ರಾಹಕ ಕಾನೂನು ನಿಮಗೆ ಬರುವುದಿಲ್ಲ ಅಂದರು. ಎರಡು ದಿನ ನಾನೂ ಅದನ್ನೇ ನಂಬಿ ಸುಮ್ಮನಾಗಿದ್ದೆ. ನನ್ನಂಥ ಟೇಲರ್, ಫೋಟೋಗ್ರಾಫರ್, ಟ್ಯೂಷನ್ ಹೇಳುವವರು ಎಷ್ಟು ಜನ ಇದ್ದೀರಿ, ನಿಮಗೆ ಇದು ಗೊತ್ತಿರಲೇಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ಅಂದರೆ ಯಾರು ಅಂತ ಹೇಳುವ 2(7) ಸೆಕ್ಷನ್ ಇದೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಅನ್ನುವುದು ನಿಜ. ಆದರೆ ಅದರ ಕೆಳಗೇ ಒಂದು ವಿವರಣೆ ಇದೆ: ಸ್ವಂತ ಉದ್ಯೋಗದಿಂದ ಹೊಟ್ಟೆ ಹೊರೆಯುವುದಕ್ಕೆ ಅಂತಲೇ ಒಬ್ಬ ವ್ಯಕ್ತಿ ವಸ್ತು ಕೊಂಡು ತಾನೇ ಬಳಸಿದರೆ ಅದು ವಾಣಿಜ್ಯ ಉದ್ದೇಶ ಅಲ್ಲ. ನಾನು ಒಬ್ಬನೇ ಕೂತು ಕೆಲಸ ಮಾಡುತ್ತೇನೆ, ಇದರಿಂದಲೇ ಮನೆ ನಡೆಯುತ್ತದೆ. ಹಾಗಾಗಿ ನಾನು ಗ್ರಾಹಕನೇ. ದೂರಿನಲ್ಲಿ ಈ ಮಾತನ್ನು ಸ್ಪಷ್ಟವಾಗಿ ಬರೆಯಿರಿ. ಇಪ್ಪತ್ತು ಜನ ಕೆಲಸಕ್ಕಿರುವ ಆಫೀಸಿಗೆ ಕೊಂಡಿದ್ದರೆ ಮಾತು ಬೇರೆ.

ನಾನು ಗ್ರಾಹಕ ಆಯೋಗದವರೆಗೆ, ಅಂದರೆ ಗ್ರಾಹಕರ ಕೋರ್ಟಿನವರೆಗೆ ಹೋಗಬೇಕಾಗಲಿಲ್ಲ. ಆದರೆ ಹೋಗಲು ಎಲ್ಲ ಓದಿ, ಕಾಗದ ಜೋಡಿಸಿ ತಯಾರಾಗಿದ್ದೆ. ಅಷ್ಟೇನೂ ಹೆದರುವ ವಿಷಯ ಅಲ್ಲ ಅದು. ವಸ್ತುವಿಗೆ ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಗ್ರಾಹಕ ಆಯೋಗವೇ ಸಾಕು. 5 ಲಕ್ಷದವರೆಗೆ ಫೀಸಿಲ್ಲ. ವಕೀಲರನ್ನು ಇಡಲೇಬೇಕು ಅಂತಿಲ್ಲ. ಹೊಸ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ನೀವು ವಾಸ ಇರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಗುರುಗ್ರಾಮದಲ್ಲಿರಲಿ ಬೆಂಗಳೂರಿನಲ್ಲಿರಲಿ. ಇ-ಜಾಗೃತಿ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಆನ್‌ಲೈನ್ ಆಗಿಯೂ ಸಲ್ಲಿಸಬಹುದು. ಅಂಗಡಿ, ಸರ್ವಿಸ್ ಸೆಂಟರ್, ಕಂಪನಿ, ಮೂವರನ್ನೂ ಎದುರುಗಾರರನ್ನಾಗಿ ಮಾಡಿ. ಅದಕ್ಕೆ ಮುಂಚೆ ಸ್ಪೀಡ್ ಪೋಸ್ಟಿನಲ್ಲಿ ಒಂದು ನೋಟಿಸ್ ಕಳಿಸಿ, 15 ದಿನ ಕಾಲ ಕೊಟ್ಟು. ನೋಟಿಸ್ ಬಂದ ಕೂಡಲೇ ಮಾತಿಗೆ ಬರುವ ಕಂಪನಿಗಳೂ ಇವೆ.

ಲ್ಯಾಪ್‌ಟಾಪನ್ನು ಪರೀಕ್ಷೆಗೆ ಕಳಿಸಬೇಕಾಗದಿದ್ದರೆ ಮೂರು ತಿಂಗಳು, ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನ ಮಾಡಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಇನ್ನೂ ಜಾಸ್ತಿ ಹಿಡಿಯಬಹುದು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿ. ತೊಂದರೆ ಶುರುವಾಗಿ ಎರಡು ವರ್ಷದೊಳಗೆ ದೂರು ಹೋಗಬೇಕು. 1915ಕ್ಕೆ ದೂರು ಕೊಟ್ಟಿದ್ದೇನೆ ಅಂತ ಕಾಯುತ್ತಾ ಕೂತರೆ ಆ ಎರಡು ವರ್ಷದ ಲೆಕ್ಕ ನಿಲ್ಲುವುದಿಲ್ಲ.

ಇನ್ನೊಂದು ಕೆಲಸ ಬಾಕಿ ಇದೆ. ಲ್ಯಾಪ್‌ಟಾಪ್ ಸರಿಯಾಗಿ ಬಂದ ಮೇಲೆ ನಾನು ಕಂಪನಿಗೆ ಮತ್ತೊಂದು ಮೇಲ್ ಬರೆದೆ. ನಿಮ್ಮ ಹತ್ತಿರವೇ ಇಷ್ಟು ದಿನ ಇತ್ತು, ಅಷ್ಟು ದಿನದ ವಾರಂಟಿ ನನಗೆ ಸಿಗಲಿಲ್ಲ, ಅದನ್ನು ವಿಸ್ತರಿಸಿ ಕೊಡಿ ಅಂತ. ಕೊಡುತ್ತಾರೆ ಅಂತ ನಂಬಿಕೆ ಇರಲಿಲ್ಲ, ಆದರೆ ಮೂರು ತಿಂಗಳು ಜಾಸ್ತಿ ಕೊಟ್ಟು ಉತ್ತರ ಬಂತು. ಕೇಳದೇ ಇದ್ದಿದ್ದರೆ ಯಾರೂ ಕೊಡುತ್ತಿರಲಿಲ್ಲ. ವೆಬ್‌ಸೈಟಿನಲ್ಲಿ ಹೊಸ ತಾರೀಖು ಬಂದಿದೆಯಾ ಅಂತ ನೋಡಿ, ಅದರ ಫೋಟೋವನ್ನೂ ತೆಗೆದಿಟ್ಟೆ.

ಈಗ ನನ್ನ ವಾರಂಟಿ ಮುಗಿಯುವುದು ಅಕ್ಟೋಬರಿನಲ್ಲಿ. ಸೆಪ್ಟೆಂಬರ್ ಒಂದನೇ ತಾರೀಖಿಗೆ ಮೊಬೈಲಿನಲ್ಲಿ ರಿಮೈಂಡರ್ ಇಟ್ಟಿದ್ದೇನೆ. ಅಂದು ಹಾರ್ಡ್‌ವೇರ್ ಪರೀಕ್ಷೆ ಮತ್ತೊಮ್ಮೆ ಓಡಿಸಿ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಕೀಲು ಗಟ್ಟಿ ಇದೆಯಾ, ಸ್ಕ್ರೀನಿನಲ್ಲಿ ಕಪ್ಪು ಚುಕ್ಕೆ ಬಂದಿದೆಯಾ ಅಂತೆಲ್ಲ ನೋಡುತ್ತೇನೆ. ಏನಾದರೂ ಸಿಕ್ಕರೆ ಅವತ್ತೇ ಮೇಲ್ ಹಾಕುತ್ತೇನೆ, ಯಾಕೆ ಅಂದರೆ ವಾರಂಟಿ ಇರುವಾಗಲೇ ದೂರು ದಾಖಲಾಗಿರಬೇಕು. ನಿಮ್ಮ ತಾರೀಖು ಯಾವುದು ಅಂತ ನೋಡಿಕೊಂಡು ಒಂದು ತಿಂಗಳು ಮುಂಚಿನ ದಿನಕ್ಕೆ ನೀವೂ ಒಂದು ಇಟ್ಟುಕೊಳ್ಳಿ.